ಬೆಂಚ್ ಮೇಲೆ ಪಾಸ್, ರಡಾರ್‌ನಲ್ಲಿ ಫೇಲ್: ಎಲ್‌ಒ ಯೂನಿಟ್‌ನ್ನು ಹೇಗೆ ಟೆಸ್ಟ್ ಮಾಡಬೇಕು?

ಬೆಂಚ್ ಟೆಸ್ಟರ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಡಾರ್ ಸಬ್‌ಸಿಸ್ಟಂ ಟೆಸ್ಟಿಂಗ್ ನನಗೆ ಇನ್ನೂ ಹೊಸದು. ಒಂದು ಯೂನಿಟ್ ವಿಷಯದಲ್ಲಿ ದಾರಿ ಕಾಣುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ನಾನು ನೋಡಿಕೊಳ್ಳುವುದು ಎಲ್‌ಒ (ಲೋಕಲ್ ಆಸಿಲೇಟರ್) ಯೂನಿಟ್. ಒಳಗೆ 100 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಆಸಿಲೇಟರ್ ಇದೆ. ಅದನ್ನು ಆಧಾರವಾಗಿಟ್ಟುಕೊಂಡು ಸಿಂಥಸೈಜರ್ 10 ಗಿಗಾಹರ್ಟ್ಸ್ ಆಸುಪಾಸಿನ ಸಿಗ್ನಲ್ ಕೊಡುತ್ತದೆ. ಟ್ರಾನ್ಸ್‌ಮಿಟರ್‌ಗೂ ರಿಸೀವರ್‌ಗೂ ಇದೇ ಮೂಲ.

ಬೆಂಚ್ ಮೇಲೆ ಔಟ್‌ಪುಟ್ ಪವರ್, ಹಾರ್ಮೋನಿಕ್, ಸ್ಪರ್ (ಬೇಡದ ಕಡೆ ಏಳುವ ಲೈನ್), ಲಾಕ್ ಆಗುವ ಸಮಯ, ಫೇಸ್ ನಾಯ್ಸ್ (ಸಿಗ್ನಲ್‌ನ ಫೇಸ್‌ನಲ್ಲಿನ ಸಣ್ಣ ಓಲಾಟ) ಎಲ್ಲ ನೋಡುತ್ತೇನೆ. ಎಲ್ಲವೂ ಮಿತಿಯೊಳಗೆ, ಅದೂ ಸಾಕಷ್ಟು ಮಾರ್ಜಿನ್ ಇಟ್ಟುಕೊಂಡೇ ಬರುತ್ತವೆ. ಥರ್ಮಲ್ ಚೇಂಬರ್‌ನಲ್ಲಿ ಬಿಸಿಗೂ ತಣ್ಣಗೂ ಪಾಸ್. ವೈಬ್ರೇಷನ್ ಕೂಡ ಆಗಿದೆ. ಟೇಬಲ್ ಮೇಲೆ ಕೂರಿಸಿ ಅಲುಗಾಡಿಸುತ್ತಾರೆ, ಇಳಿಸಿದ ಮೇಲೆ ನಾನು ಮತ್ತೆ ಅಳೆಯುತ್ತೇನೆ. ರೀಡಿಂಗ್ ಬದಲಾಗಿರುವುದಿಲ್ಲ.

ರಡಾರ್‌ನಲ್ಲಿ ಕೂರಿಸಿದ ಮೇಲೆ ಕಥೆಯೇ ಬೇರೆ. ದೂರದ ಗುಡ್ಡಗಳ ಕ್ಲಟರ್ (ಗುರಿಯಲ್ಲದ ವಸ್ತುಗಳಿಂದ ಬರುವ ಪ್ರತಿಧ್ವನಿ) ಪೂರ್ತಿ ಕಳೆದುಹೋಗುವುದಿಲ್ಲ. ನಿಂತ ಗುಡ್ಡ ನಿಧಾನವಾಗಿ ಚಲಿಸುವ ಗುರಿಯ ಹಾಗೆ, ವೇಗದ ಪ್ರಕಾರ ಸಿಗ್ನಲ್ ಬೇರ್ಪಡಿಸುವ ಡಾಪ್ಲರ್ ಫಿಲ್ಟರ್‌ಗಳಲ್ಲಿ ಏಳುತ್ತದೆ. ವಿಚಿತ್ರ ಅಂದರೆ, ಹತ್ತಿರದ ಕ್ಲಟರ್ ಇದಕ್ಕಿಂತ ಎಷ್ಟೋ ಬಲವಾಗಿದ್ದರೂ ಅಲ್ಲಿ ಈ ತೊಂದರೆ ಇಲ್ಲ. ರಡಾರ್‌ನ ಒಳಗಿನ ಸೆಲ್ಫ್ ಟೆಸ್ಟ್ ಕೂಡ ಪಾಸ್ ಅಂತಲೇ ಹೇಳುತ್ತದೆ. ಸಿಸ್ಟಂ ತಂಡ ಯೂನಿಟ್ ಬಿಚ್ಚಿ ನನಗೆ ಕಳಿಸುತ್ತದೆ. ನಾನು ಅಳೆಯುತ್ತೇನೆ, ಪಾಸ್. ‘ದೋಷ ಕಂಡುಬಂದಿಲ್ಲ’ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸುತ್ತೇನೆ. ಮತ್ತೆ ಬರುತ್ತದೆ.

ಈಗ ಫೇಸ್ ನಾಯ್ಸ್ ಮಿತಿಯನ್ನು 3 ಡಿಬಿ ಬಿಗಿ ಮಾಡೋಣ ಅನ್ನುವ ಮಾತು ನಡೆಯುತ್ತಿದೆ. ಅದರಿಂದ ಪ್ರಯೋಜನ ಇದೆಯಾ? ಇಲ್ಲ ಅಂದರೆ ನಾನು ಯಾವ ಟೆಸ್ಟ್ ಸೇರಿಸಬೇಕು? ಸಿಸ್ಟಂ ತಂಡದವರು ಸುಮ್ನೆ ದೂರುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಅವರ ಸ್ಕ್ರೀನ್ ಮೇಲೆ ನಾನೇ ಕಣ್ಣಾರೆ ನೋಡಿದ್ದೇನೆ.

ಹಳೇ ಡೆಸಿಬೆಲ್ ಅವರ ಉತ್ತರ

ಚೆನ್ನಾಗಿ ಬರೆದಿದ್ದೀರಿ. ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ದೂರದ ಕ್ಲಟರ್‌ನಲ್ಲಿ ಇದೆ, ಹತ್ತಿರದ್ದರಲ್ಲಿ ಇಲ್ಲ’ ಅಂದಿರಲ್ಲ, ಆ ಸಾಲು ಬಂಗಾರದಂಥದ್ದು. ‘ಅಲುಗಾಡಿಸಿ ಇಳಿಸಿದ ಮೇಲೆ ಅಳೆಯುತ್ತೇನೆ’ ಅನ್ನುವುದು ಇನ್ನೊಂದು.

ಮೊದಲು ಆ ಎರಡನೆಯದನ್ನು ನೋಡೋಣ. ಅಲುಗಾಡಿಸಿ ಇಳಿಸಿದ ಮೇಲೆ ಅಳೆದರೆ ಯೂನಿಟ್ ಮುರಿಯಲಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಅಲುಗಾಡುವಾಗ ಅದು ಏನು ಮಾಡುತ್ತಿತ್ತು ಅಂತ ಗೊತ್ತಾಗುವುದಿಲ್ಲ. ಕ್ರಿಸ್ಟಲ್ ಆಸಿಲೇಟರ್‌ಗಳು ವೇಗೋತ್ಕರ್ಷಕ್ಕೆ ಸ್ಪಂದಿಸುತ್ತವೆ. ಒಳಗಿನ ಕ್ರಿಸ್ಟಲ್‌ನ ತೆಳು ತುಣುಕಿನ ಮೇಲೆ ಒತ್ತಡ ಬಿದ್ದರೆ ಅದರ ಫ್ರೀಕ್ವೆನ್ಸಿ ಚೂರು ಸರಿಯುತ್ತದೆ. ಒಂದು ಸಾಮಾನ್ಯ ಒಳ್ಳೆಯ ಆಸಿಲೇಟರ್‌ಗೆ ಪ್ರತಿ 1 ಜಿ ಗೆ (ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷಕ್ಕೆ) ನೂರು ಕೋಟಿಯಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ.

100 ಮೆಗಾಹರ್ಟ್ಸ್‌ನಲ್ಲಿ ನೂರು ಕೋಟಿಯಲ್ಲಿ ಒಂದು ಪಾಲು ಅಂದರೆ 0.1 ಹರ್ಟ್ಸ್. ಅಂದರೆ 1 ಜಿ ಅಲುಗಾಟಕ್ಕೆ ಆಸಿಲೇಟರ್ 0.1 ಹರ್ಟ್ಸ್ ಆಚೀಚೆ ಓಲಾಡುತ್ತದೆ. ನೀವು ಅದನ್ನು ನೂರು ಪಟ್ಟು ಏರಿಸಿ 10 ಗಿಗಾಹರ್ಟ್ಸ್ ಮಾಡುತ್ತೀರಿ. ಓಲಾಟವೂ ನೂರು ಪಟ್ಟಾಗಿ 10 ಹರ್ಟ್ಸ್ ಆಯಿತು. ಅಲುಗಾಟದ ವೇಗ ಸೆಕೆಂಡಿಗೆ 100 ಸಲ ಇದ್ದರೆ ಮಾಡ್ಯುಲೇಷನ್ ಇಂಡೆಕ್ಸ್ (ಫೇಸ್ ಎಷ್ಟು ಓಲಾಡುತ್ತದೆ ಅನ್ನುವ ಅಳತೆ) 10 ಭಾಗಿಸು 100, ಅಂದರೆ 0.1. ಸೈಡ್‌ಬ್ಯಾಂಡ್ (ಮುಖ್ಯ ಸಿಗ್ನಲ್, ಅಂದರೆ ಕ್ಯಾರಿಯರ್‌ನ ಪಕ್ಕದಲ್ಲಿ ಏಳುವ ಲೈನ್) ಅದರ ಅರ್ಧ, 0.05. ಡಿಬಿಯಲ್ಲಿ ಹೇಳಿದರೆ −26 ಡಿಬಿಸಿ, ಅಂದರೆ ಕ್ಯಾರಿಯರ್‌ಗಿಂತ ಬರೀ 26 ಡಿಬಿ ಕೆಳಗೆ! ರಡಾರ್ ಎಲ್‌ಒನಲ್ಲಿ ಕ್ಯಾರಿಯರ್ ಪಕ್ಕದಲ್ಲೇ −26 ಡಿಬಿಸಿ ಸೈಡ್‌ಬ್ಯಾಂಡ್ ನಿಂತಿದ್ದರೆ ಯಾವ ಕ್ಲಟರ್ ಫಿಲ್ಟರ್ ತಾನೇ ಏನು ಮಾಡೀತು? ನಿಮ್ಮ ರ‍್ಯಾಕ್‌ನಲ್ಲಿ ಅಲುಗಾಟ 1 ಜಿ ಇರಲಿಕ್ಕಿಲ್ಲ. 0.1 ಜಿ ಅನ್ನಿ. ಆಗಲೂ ಅದು −46.

ಇನ್ನೊಂದು ಸಂಗತಿ. 6000 ಆರ್‌ಪಿಎಂ ಫ್ಯಾನ್ ಸೆಕೆಂಡಿಗೆ ನೂರು ಸುತ್ತು ತಿರುಗುತ್ತದೆ. ಅದರ ಬ್ಯಾಲೆನ್ಸ್ ಸ್ವಲ್ಪ ತಪ್ಪಿದ್ದರೂ ರ‍್ಯಾಕ್ 100 ಹರ್ಟ್ಸ್‌ನಲ್ಲಿ ಅದುರುತ್ತದೆ. 10 ಗಿಗಾಹರ್ಟ್ಸ್ ರಡಾರ್‌ನಲ್ಲಿ 100 ಹರ್ಟ್ಸ್ ಡಾಪ್ಲರ್ ಅಂದರೆ ಸೆಕೆಂಡಿಗೆ 1.5 ಮೀಟರ್ ವೇಗ. ನಡೆಯುವ ಮನುಷ್ಯನ ವೇಗ. ನಿಮ್ಮ ಗುಡ್ಡ ‘ನಿಧಾನವಾಗಿ ಚಲಿಸುತ್ತಿದೆ’ ಅಂದಿರಲ್ಲ, ನನ್ನ ಅನುಮಾನ ಹುಟ್ಟಿದ್ದು ಇಲ್ಲೇ.

ಈಗ ಹತ್ತಿರ ಮತ್ತು ದೂರದ ವಿಷಯ. ಇದನ್ನು ಬಹಳ ಜನ ಗಮನಿಸುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಳಿಸುವುದಕ್ಕೂ ಪಡೆಯುವುದಕ್ಕೂ ಒಂದೇ ಎಲ್‌ಒ. ಪಲ್ಸ್ ಹೊರಟಾಗ ಎಲ್‌ಒನಲ್ಲಿ ಯಾವ ಓಲಾಟ ಇತ್ತೋ ಅದು ಪಲ್ಸ್ ಜೊತೆ ಹೋಗಿ ವಾಪಸ್ ಬರುತ್ತದೆ. ಬರುವಷ್ಟರಲ್ಲಿ ಎಲ್‌ಒ ಹೆಚ್ಚು ಬದಲಾಗಿಲ್ಲ ಅಂದರೆ ಮಿಕ್ಸರ್‌ನಲ್ಲಿ ಎರಡೂ ಕಳೆದುಹೋಗುತ್ತವೆ. ತಪ್ಪು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 100 ಹರ್ಟ್ಸ್ ಓಲಾಟಕ್ಕೆ 3 ಕಿ.ಮೀ. ದೂರದ ಕ್ಲಟರ್‌ನಲ್ಲಿ ಸುಮಾರು 38 ಡಿಬಿ ಕಳೆದುಹೋಗುತ್ತದೆ. 15 ಕಿ.ಮೀ.ಗೆ 24 ಡಿಬಿ. 45 ಕಿ.ಮೀ.ಗೆ ಬಂದರೆ 14 ಡಿಬಿ ಚಿಲ್ಲರೆ ಅಷ್ಟೇ. −46ರಿಂದ ಅಷ್ಟು ಕಳೆದರೆ ಸುಮಾರು −60. ಅಲ್ಲಿನ ಗುಡ್ಡದ ಕ್ಲಟರ್ ನಾಯ್ಸ್‌ಗಿಂತ 70 ಡಿಬಿ ಮೇಲಿದ್ದರೆ ಸುಳ್ಳು ಗುರಿ ಸುಮಾರು 10 ಡಿಬಿ ಎದ್ದು ನಿಲ್ಲುತ್ತದೆ. ಅದೇ ಮಟ್ಟದ ಕ್ಲಟರ್ 3 ಕಿ.ಮೀ.ನಲ್ಲಿದ್ದರೆ ಸೈಡ್‌ಬ್ಯಾಂಡ್ ನಾಯ್ಸ್‌ಗಿಂತ ಕೆಳಗೇ ಉಳಿಯುತ್ತದೆ.

ಸೆಲ್ಫ್ ಟೆಸ್ಟ್ ಯಾಕೆ ಪಾಸ್ ಆಗುತ್ತದೆ ಅಂತ ಈಗ ಗೊತ್ತಾಯಿತಲ್ಲ? ಅದರ ಲೂಪ್ ಕೇಬಲ್‌ನಲ್ಲಿ ಸಿಗ್ನಲ್ ಹೋಗಿ ಬರುವುದಕ್ಕೆ ಕೆಲವೇ ನ್ಯಾನೊಸೆಕೆಂಡ್ ಸಾಕು. ಅಷ್ಟರಲ್ಲಿ ಎಲ್‌ಒ ಏನೂ ಬದಲಾಗಿರುವುದಿಲ್ಲ, ಎಲ್ಲ ಕಳೆದುಹೋಗುತ್ತದೆ. ಎಲ್‌ಒ ಎಷ್ಟೇ ಕೆಟ್ಟದಾಗಿ ಓಲಾಡುತ್ತಿದ್ದರೂ ಆ ಟೆಸ್ಟ್‌ಗೆ ಕಾಣುವುದೇ ಇಲ್ಲ. ಫೈಬರ್ ಡಿಲೇ ಲೈನ್ ಹಾಕಿ ನೋಡೋಣ ಅಂತ ಯಾರಾದರೂ ಹೇಳಬಹುದು. ಫೈಬರ್‌ನಲ್ಲಿ 1 ಕಿ.ಮೀ.ಗೆ ಸುಮಾರು 4.9 ಮೈಕ್ರೊಸೆಕೆಂಡ್ ತಡ. 10 ಕಿ.ಮೀ. ಸುರುಳಿ ಹಾಕಿದರೂ 7.4 ಕಿ.ಮೀ. ದೂರದ ಗುರಿಗೆ ಸಮ ಆಯಿತು, ಅಷ್ಟೇ. 1 ಕಿಲೊಹರ್ಟ್ಸ್ ಆಚೆಯ ತೊಂದರೆಗೆ ಅದು ಬಹಳ ಉಪಯೋಗ. 100 ಹರ್ಟ್ಸ್‌ಗೆ ಮಾತ್ರ ಅದರಲ್ಲೂ 30 ಡಿಬಿ ಮುಚ್ಚಿಹೋಗುತ್ತದೆ.

ಹಾಗಾಗಿ ಎಲ್‌ಒ ಯೂನಿಟ್‌ನ್ನು ವೈಬ್ರೇಷನ್ ಟೇಬಲ್ ಮೇಲೆ ಪವರ್ ಕೊಟ್ಟು ಓಡಿಸಿ. ಅಲುಗುತ್ತಿರುವಾಗಲೇ ಅದರ ಫೇಸ್ ನಾಯ್ಸ್ ಅಳೆಯಿರಿ. ಹೋಲಿಸುವ ರೆಫರೆನ್ಸ್ ಮಾತ್ರ ಬೇರೆಯದಾಗಿರಲಿ, ಟೇಬಲ್‌ನಿಂದ ದೂರ, ನೆಲದ ಮೇಲೆ ಅಲುಗದೆ ಕೂತಿರಲಿ. ಬೇರೆ ಏನೂ ಸೇರಿಸಲು ಆಗದಿದ್ದರೂ ಇದೊಂದನ್ನು ಸೇರಿಸಿ.

3 ಡಿಬಿ ಬಿಗಿ ಮಾಡುವ ಮಾತಿಗೆ ನನ್ನ ಪೂರ್ತಿ ವಿರೋಧ ಇದೆ. ಅಲುಗದ ಯೂನಿಟ್‌ನ ಮಿತಿ ಬಿಗಿ ಮಾಡಿದರೆ ಒಳ್ಳೆಯ ಯೂನಿಟ್‌ಗಳೂ ತಿರಸ್ಕಾರ ಆಗುತ್ತವೆ, ಕೆಟ್ಟದ್ದು ಹಾಗೇ ಪಾಸ್ ಆಗುತ್ತದೆ.

ಟೇಬಲ್ ಸಿಗುವ ತನಕ ಕೈಯಲ್ಲಿ ಮಾಡಬಹುದಾದ ಒಂದು ಕೆಲಸ ಇದೆ. ಅನಲೈಜರ್‌ನಲ್ಲಿ 10 ಗಿಗಾಹರ್ಟ್ಸ್ ಲೈನ್ ಮೇಲೆ ಸ್ಪ್ಯಾನ್ 2 ಕಿಲೊಹರ್ಟ್ಸ್ ಇಟ್ಟು, ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಯೂನಿಟ್‌ನ ಮೈಮೇಲೆ ಮೆಲ್ಲಗೆ ತಟ್ಟುತ್ತಾ ಹೋಗಿ. ಮುಚ್ಚಳದ ಮೂಲೆ, ನಡುಭಾಗ, ಕನೆಕ್ಟರ್ ಪಕ್ಕ, ಒಳಗಿನ ಸೆಮಿ ರಿಜಿಡ್ ಕೇಬಲ್ ಹಾದುಹೋಗುವ ಜಾಗ, ಹೀಗೆ. ಎಲ್ಲ ಕಡೆ ಒಂದೇ ರೀತಿ ಲೈನ್‌ನ ಬುಡ ಉಬ್ಬಿದರೆ ಆಸಿಲೇಟರ್‌ನದೇ ಸ್ವಭಾವ. ಒಂದೇ ಜಾಗದಲ್ಲಿ ತಟ್ಟಿದಾಗ ಲೈನ್ ಹಾರಿದರೆ ಅಲ್ಲಿ ಏನೋ ಸಡಿಲ ಇದೆ. ಸಿಂಥಸೈಜರ್ ಒಳಗಿನ ವಿಸಿಒನ (ವೋಲ್ಟೇಜ್‌ಗೆ ತಕ್ಕಂತೆ ಫ್ರೀಕ್ವೆನ್ಸಿ ಬದಲಾಗುವ ಆಸಿಲೇಟರ್‌ನ) ಟ್ಯೂನಿಂಗ್ ಲೈನ್ ಮೇಲಿರುವ ಸೆರಾಮಿಕ್ ಕೆಪಾಸಿಟರ್‌ಗಳನ್ನೂ ನೋಡಿ. ಎಕ್ಸ್7ಆರ್ ಥರದ ಸೆರಾಮಿಕ್ ತಟ್ಟಿದರೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಅದು ನೇರ ಫ್ರೀಕ್ವೆನ್ಸಿಗೆ ಹೋಗುತ್ತದೆ.

ಸಪ್ಲೈ ಲೈನ್ ಅವರ ಉತ್ತರ

ಹಳೇ ಡೆಸಿಬೆಲ್ ಸರ್ ಹೇಳಿದ್ದು ಸರಿ. ಆದರೆ ಫ್ಯಾನ್ ಮೇಲೆ ಪೂರ್ತಿ ಆರೋಪ ಹೊರಿಸುವ ಮೊದಲು ಪವರ್ ಸಪ್ಲೈ ನೋಡಿ. ನಿಮ್ಮ ಬೆಂಚ್‌ನಲ್ಲಿ ಇರುವುದು ಒಳ್ಳೆಯ ಲ್ಯಾಬ್ ಸಪ್ಲೈ. ಸೆನ್ಸ್ ವೈರ್ ಕೂಡ ಹಾಕಿರುತ್ತೀರಿ. ರಡಾರ್‌ನಲ್ಲಿ ಆ ಸುಖ ಇಲ್ಲ. ಅಲ್ಲಿ ಸ್ವಿಚಿಂಗ್ ಕನ್ವರ್ಟರ್ ಇದೆ. ಪಕ್ಕದಲ್ಲೇ ಟ್ರಾನ್ಸ್‌ಮಿಟರ್ ಪ್ರತಿ ಪಲ್ಸ್‌ಗೂ ಕರೆಂಟ್ ಎಳೆಯುತ್ತದೆ. ಗ್ರೌಂಡ್ ಕೂಡ ಎಲ್ಲರದ್ದೂ ಒಂದೇ.

ವಿಸಿಒ ಸಪ್ಲೈಗೆ ಎಷ್ಟು ಸ್ಪಂದಿಸುತ್ತದೆ ಅಂತ ಅಳೆದಿದ್ದೀರಾ? 1 ವೋಲ್ಟ್‌ಗೆ 1 ಮೆಗಾಹರ್ಟ್ಸ್ ಸರಿಯುವ ವಿಸಿಒ ಅಂತಿಟ್ಟುಕೊಳ್ಳಿ. ಅದರ ಸಪ್ಲೈ ಮೇಲೆ 100 ಕಿಲೊಹರ್ಟ್ಸ್‌ನ ಬರೀ 1 ಮಿಲಿವೋಲ್ಟ್ ರಿಪಲ್ ಇದ್ದರೆ 1 ಕಿಲೊಹರ್ಟ್ಸ್ ಓಲಾಟ. ವಿಸಿಒವನ್ನು ಕ್ರಿಸ್ಟಲ್‌ಗೆ ಲಾಕ್ ಮಾಡಿ ಹಿಡಿಯುವ ಲೂಪ್‌ನ ಬ್ಯಾಂಡ್‌ವಿಡ್ತ್ 100 ಕಿಲೊಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಲೂಪ್ ಅದನ್ನು ತಡೆಯುವುದಿಲ್ಲ. −46 ಡಿಬಿಸಿ ಸ್ಪರ್ ಖಚಿತ. ಲ್ಯಾಬ್ ಸಪ್ಲೈನಲ್ಲಿ ಅದು ಯಾವತ್ತೂ ಕಾಣುವುದಿಲ್ಲ.

ಅಮೆರಿಕದ ಸೇನಾ ಮಾನದಂಡ ಮಿಲ್ ಸ್ಟ್ಯಾಂಡರ್ಡ್ 461ರಲ್ಲಿ ಸಿಎಸ್101 ಅಂತ ಟೆಸ್ಟ್ ಇದೆ. ಸಪ್ಲೈ ಲೈನ್ ಮೇಲೆ 30 ಹರ್ಟ್ಸ್‌ನಿಂದ 150 ಕಿಲೊಹರ್ಟ್ಸ್ ತನಕ ರಿಪಲ್ ಸೇರಿಸಿ ಯೂನಿಟ್ ತಡೆದುಕೊಳ್ಳುತ್ತದಾ ನೋಡುವುದು. ಬಹಳ ಕಡೆ ಇದನ್ನು ‘ಯೂನಿಟ್ ಲಾಕ್ ತಪ್ಪಲಿಲ್ಲ, ಪಾಸ್’ ಅಂತ ಮುಗಿಸಿಬಿಡುತ್ತಾರೆ. ಲಾಕ್ ದೀಪ ಉರಿಯುತ್ತಿದ್ದರೆ ಸಾಲದು. ರಿಪಲ್ ಓಡುತ್ತಿರುವಾಗ ಪ್ರತಿ ಫ್ರೀಕ್ವೆನ್ಸಿಗೂ ಸ್ಪರ್ ಎಷ್ಟು ಎದ್ದಿತು ಅಂತ ಬರೆದುಕೊಳ್ಳಿ. ಹಾಗೆಯೇ ಸಪ್ಲೈ ವೋಲ್ಟೇಜ್‌ನ್ನು ಮಧ್ಯದಲ್ಲಿ ಮಾತ್ರ ಇಟ್ಟು ಅಳೆಯಬೇಡಿ. ವಿಮಾನದ 28 ವೋಲ್ಟ್ ಲೈನ್‌ಗೆ ಮಿಲ್ ಸ್ಟ್ಯಾಂಡರ್ಡ್ 704 ಸಾಮಾನ್ಯ ಸ್ಥಿತಿಯಲ್ಲೇ 22ರಿಂದ 29 ವೋಲ್ಟ್ ತನಕ ಬಿಡುತ್ತದೆ. 22ಕ್ಕೆ ಇಳಿದಾಗ ಒಳಗಿನ ರೆಗ್ಯುಲೇಟರ್‌ಗೆ ಉಸಿರಾಡಲು ಜಾಗ ಇರುತ್ತದಾ ಅನ್ನುವುದೇ ಪ್ರಶ್ನೆ.

ಇನ್ನೊಂದು, ಇದು ಸಿಸ್ಟಂ ತಂಡಕ್ಕೆ. ಡಾಪ್ಲರ್ ಸ್ಕ್ರೀನ್ ಮೇಲೆ ಕಾಣುವ ಫ್ರೀಕ್ವೆನ್ಸಿಯನ್ನು ಹಾಗೇ ನಂಬಬೇಡಿ. ರಡಾರ್ ಸೆಕೆಂಡಿಗೆ ಪಿಆರ್‌ಎಫ್ (ಸೆಕೆಂಡಿಗೆ ಕಳಿಸುವ ಪಲ್ಸ್‌ಗಳ ಸಂಖ್ಯೆ) ಎಷ್ಟೋ ಅಷ್ಟೇ ಸ್ಯಾಂಪಲ್ ತೆಗೆದುಕೊಳ್ಳುತ್ತದೆ. ಅದರ ಅರ್ಧಕ್ಕಿಂತ ಮೇಲಿನದ್ದೆಲ್ಲ ಮಡಚಿ ಕೆಳಗೆ ಬೀಳುತ್ತದೆ. 400 ಹರ್ಟ್ಸ್‌ನ ಮೂರು ಫೇಸ್ ಸಪ್ಲೈಯನ್ನು ಆರು ಡಯೋಡ್‌ಗಳಿಂದ ಡಿಸಿ ಮಾಡಿದರೆ ರಿಪಲ್ 2400 ಹರ್ಟ್ಸ್. ಪಿಆರ್‌ಎಫ್ 1000 ಇದ್ದರೆ ಅದು 400 ಹರ್ಟ್ಸ್ ಅಂತ ಕಾಣುತ್ತದೆ. ಪಿಆರ್‌ಎಫ್ 1100 ಮಾಡಿದರೆ 200ಕ್ಕೆ ಹೋಗಿ ನಿಲ್ಲುತ್ತದೆ. ಪಿಆರ್‌ಎಫ್ ಬದಲಿಸಿದಾಗ ಜಾಗ ಬಿಡುವ ಲೈನ್ ಮಡಚಿ ಬಂದದ್ದು. ಅಲ್ಲೇ ಉಳಿಯುವ ಲೈನ್ ನಿಜವಾಗಿಯೂ ಅಷ್ಟೇ ಫ್ರೀಕ್ವೆನ್ಸಿಯದ್ದು. ಐದು ನಿಮಿಷದ ಕೆಲಸ, ದಯವಿಟ್ಟು ಮೊದಲು ಇದನ್ನೇ ಮಾಡಿಸಿ.

ಪಲ್ಸ್ ರಾಶಿ ಅವರ ಉತ್ತರ

ನಾನು ಇಡಬ್ಲ್ಯೂ (ಎಲೆಕ್ಟ್ರಾನಿಕ್ ಯುದ್ಧ) ಕಡೆಯವನು. ರಡಾರ್ ಎಚ್ಚರಿಕೆ ರಿಸೀವರ್‌ಗಳ ಟೆಸ್ಟ್ ನನ್ನ ಕೆಲಸ. ಈ ಥ್ರೆಡ್ ಓದಿ ಬಹಳ ಖುಷಿಯಾಯಿತು. ಯಾಕೆಂದರೆ ನಮ್ಮಲ್ಲೂ ಇದೇ ಆಗುತ್ತದೆ: ನಾವು ಹುಡುಕುವ ತಪ್ಪನ್ನು ನಮ್ಮ ಟೆಸ್ಟೇ ಕಳೆದುಹಾಕುತ್ತದೆ.

ನಾಲ್ಕು ಮೂಲೆಗೆ ನಾಲ್ಕು ಆಂಟೆನಾ, ಪ್ರತಿಯೊಂದಕ್ಕೂ ಒಂದು ಡಿಟೆಕ್ಟರ್ ಮತ್ತು ಲಾಗ್ ವಿಡಿಯೊ ಆಂಪ್ಲಿಫೈಯರ್. ಪಕ್ಕಪಕ್ಕದ ಎರಡು ಚಾನಲ್‌ಗಳ ಮಟ್ಟ ಹೋಲಿಸಿ ದಿಕ್ಕು ಹೇಳುವುದು. ಆಂಟೆನಾ ಬೀಮ್ 90 ಡಿಗ್ರಿ ಅಗಲ ಇದ್ದರೆ, ಪ್ರತಿ ಡಿಗ್ರಿಗೆ ಎರಡು ಚಾನಲ್‌ಗಳ ವ್ಯತ್ಯಾಸ ಸುಮಾರು 0.27 ಡಿಬಿ ಬದಲಾಗುತ್ತದೆ. ತಿರುಗಿಸಿ ಹೇಳಿದರೆ, ಚಾನಲ್‌ಗಳ ಹೊಂದಿಕೆ 1 ಡಿಬಿ ತಪ್ಪಿದರೆ ದಿಕ್ಕು ಸುಮಾರು 3.75 ಡಿಗ್ರಿ ತಪ್ಪುತ್ತದೆ. ಆ ತಪ್ಪು ದಿಕ್ಕು ಪೈಲಟ್‌ನ ಕಣ್ಣ ಮುಂದಿನ ಸ್ಕ್ರೀನ್‌ಗೆ ಹೋಗುತ್ತದೆ. ಅದಕ್ಕೇ ಈ 1 ಡಿಬಿ ಬಗ್ಗೆ ನಾನು ಯಾವತ್ತೂ ರಾಜಿ ಆಗುವುದಿಲ್ಲ.

ಥರ್ಮಲ್ ಚೇಂಬರ್‌ನಲ್ಲಿ ಎಲ್ಲ ಚಾನಲ್‌ಗಳೂ ಒಟ್ಟಿಗೆ ಬಿಸಿಯಾಗುತ್ತವೆ, ಒಟ್ಟಿಗೆ ತಣ್ಣಗಾಗುತ್ತವೆ. ಎಲ್ಲ ಡಿಟೆಕ್ಟರ್‌ಗಳೂ ಒಂದೇ ಕಡೆಗೆ ಜಾರುತ್ತವೆ. ವ್ಯತ್ಯಾಸ ತೆಗೆದಾಗ ಜಾರಿದ್ದೇ ಗೊತ್ತಾಗುವುದಿಲ್ಲ. ವಿಮಾನದ ಮೇಲೆ ಹಾಗಲ್ಲ. ಒಂದು ಚಾನಲ್ ಬಿಸಿ ಯೂನಿಟ್‌ನ ಪಕ್ಕ, ಇನ್ನೊಂದು ರೆಕ್ಕೆಯ ತುದಿಯ ಚಳಿಯಲ್ಲಿ. ಹಾಗಾಗಿ ನಾನು ಒಂದು ಚಾನಲ್ ಮಾತ್ರ ಬಿಸಿ ಇಟ್ಟು ಇನ್ನೊಂದನ್ನು ಹೊರಗಿಟ್ಟು ಅಳೆಯುತ್ತೇನೆ. ತಾಪ ಏರುತ್ತಾ ಇಳಿಯುತ್ತಾ ಇರುವಾಗಲೂ ರೆಕಾರ್ಡ್ ಮಾಡುತ್ತೇನೆ. ಮಟ್ಟಕ್ಕೆ ಬಂದು ನಿಂತ ಮೇಲೆ ಎಲ್ಲವೂ ಸಭ್ಯವಾಗಿಬಿಡುತ್ತವೆ.

ಇನ್ನೊಂದು, ಒಂದೊಂದೇ ಸಿಗ್ನಲ್ ಕೊಟ್ಟು ಟೆಸ್ಟ್ ಮಾಡುವ ಅಭ್ಯಾಸ. ತತ್‌ಕ್ಷಣ ಫ್ರೀಕ್ವೆನ್ಸಿ ಹೇಳುವ ಐಎಫ್‌ಎಂ ರಿಸೀವರ್ ಒಂಟಿ ಸಿಗ್ನಲ್‌ಗೆ ಬಹಳ ಚೆನ್ನಾಗಿ ಉತ್ತರ ಕೊಡುತ್ತದೆ. ಹೆಚ್ಚುಕಮ್ಮಿ ಸಮಾನ ಬಲದ ಎರಡು ಪಲ್ಸ್ ಒಂದರ ಮೇಲೊಂದು ಬಿದ್ದರೆ ಎರಡೂ ಅಲ್ಲದ ಮೂರನೆಯ ಫ್ರೀಕ್ವೆನ್ಸಿ ಹೇಳಬಹುದು. ಆಂಪ್ಲಿಫೈಯರ್ ಎಸಿ ಕಪಲ್ಡ್ ಆಗಿದ್ದರೆ ಡ್ಯೂಟಿ (ಪಲ್ಸ್ ಆನ್ ಇರುವ ಸಮಯದ ಪಾಲು) ಜಾಸ್ತಿ ಇರುವ ಪಲ್ಸ್ ಡಾಪ್ಲರ್ ಸಿಗ್ನಲ್ ಬಂದಾಗ ಬೇಸ್‌ಲೈನೇ ಸರಿದುಹೋಗುತ್ತದೆ. ಆಮೇಲೆ ಬರುವ ಸಣ್ಣ ಪಲ್ಸ್‌ಗಳ ಮಟ್ಟ ತಪ್ಪಾಗುತ್ತದೆ. ಇಂಥದ್ದನ್ನು ಹಿಡಿಯಬೇಕಾದರೆ ಸಿಮ್ಯುಲೇಟರ್‌ನಿಂದ ದಟ್ಟವಾದ ಪಲ್ಸ್ ಸುರಿದು, ಪ್ರತಿ ಪಲ್ಸ್‌ಗೂ ರಿಸೀವರ್ ಬರೆದ ಫ್ರೀಕ್ವೆನ್ಸಿ, ಅಗಲ, ಬಂದ ಸಮಯ, ಮಟ್ಟ, ದಿಕ್ಕು ಎಲ್ಲವನ್ನೂ ಉಳಿಸಿಕೊಳ್ಳಬೇಕು. ಸರಾಸರಿ ನೋಡಬೇಡಿ. ತಪ್ಪಿದ ಪಲ್ಸ್‌ಗಳನ್ನು ಹೆಕ್ಕಿ, ಅವು ತಪ್ಪಿದ ಕ್ಷಣದಲ್ಲಿ ಪಕ್ಕದಲ್ಲಿ ಯಾವ ಪಲ್ಸ್ ಇತ್ತು ಅಂತ ನೋಡಿ.

ಹೊಸಬರೇ, ನಿಮ್ಮ ಯೂನಿಟ್‌ಗೆ ಇದು ನೇರ ಅನ್ವಯ ಆಗುವುದಿಲ್ಲ. ಆದರೆ ನಿಮ್ಮ ಟೆಸ್ಟ್ ಪಟ್ಟಿ ಇಟ್ಟುಕೊಂಡು ಪ್ರತಿ ಸಾಲಿಗೂ ‘ಇಲ್ಲಿ ಯಾವುದು ಯಾವುದನ್ನು ಕಳೆದುಹಾಕುತ್ತಿದೆ?’ ಅಂತ ಕೇಳಿಕೊಳ್ಳಿ.

ಬೆಂಚ್ ಟೆಸ್ಟರ್ ಅವರ ಮುಂದಿನ ಮಾತು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ನನಗೆ ಹೇಳಿರಲಿಲ್ಲ.

ಸಿಸ್ಟಂ ತಂಡದ ಜೊತೆ ಕೂತು ನೋಡಿದೆವು. ಆಂಟೆನಾ ನಿಲ್ಲಿಸಿ, ದೂರದ ಒಂದು ಗುಡ್ಡದ ಕಡೆ ತಿರುಗಿಸಿ, ಆ ಒಂದೇ ರೇಂಜ್ ಸೆಲ್‌ನ ಡೇಟಾ ಉದ್ದಕ್ಕೆ ರೆಕಾರ್ಡ್ ಮಾಡಿ ಸ್ಪೆಕ್ಟ್ರಂ ತೆಗೆದೆವು. ಎರಡು ಲೈನ್‌ಗಳು ಸ್ಪಷ್ಟವಾಗಿ ಕಂಡವು. ಒಂದು 100 ಹರ್ಟ್ಸ್ ಹತ್ತಿರ. ಫ್ಯಾನ್‌ನ ವೇಗ ಇಳಿಸಿದ ಹಾಗೆ ಅದೂ ಕೆಳಗೆ ಜಾರಿತು. ಯೂನಿಟ್‌ನ ತಾಪ ನೋಡಿಕೊಂಡು ಒಂದೆರಡು ಕ್ಷಣ ಫ್ಯಾನ್ ಆಫ್ ಮಾಡಿದಾಗ ಪೂರ್ತಿ ಮಾಯ. ಇನ್ನೊಂದು ಲೈನ್ 400ರಲ್ಲಿ ಇತ್ತು. ಫ್ಯಾನ್‌ಗೂ ಅದಕ್ಕೂ ಸಂಬಂಧ ಇಲ್ಲ. ಪಿಆರ್‌ಎಫ್ 1000ದಿಂದ 1100ಕ್ಕೆ ಬದಲಿಸಿದರೆ 200ಕ್ಕೆ ಹೋಯಿತು. ನಮ್ಮದು 400 ಹರ್ಟ್ಸ್‌ನ ಮೂರು ಫೇಸ್ ಸಪ್ಲೈಯೇ!

ತಟ್ಟಿ ನೋಡುವುದನ್ನೂ ಮಾಡಿದೆ. ಬಹುತೇಕ ಎಲ್ಲ ಕಡೆ ಬುಡ ಸ್ವಲ್ಪ ಉಬ್ಬುತ್ತದೆ. ಆದರೆ ಸಿಂಥಸೈಜರ್ ಭಾಗದ ಮುಚ್ಚಳದ ನಡುವೆ ತಟ್ಟಿದರೆ ಮಾತ್ರ ಲೈನ್ ಜೋರಾಗಿ ಹಾರುತ್ತದೆ. ಬೆರಳಲ್ಲಿ ಮುಚ್ಚಳ ಒತ್ತಿ ಹಿಡಿದು ತಟ್ಟಿದರೆ ಕಡಿಮೆ.

ವೈಬ್ರೇಷನ್ ಟೇಬಲ್ ಈಗ ಸಿಕ್ಕಿದೆ. ಪವರ್ ಕೊಟ್ಟು ಅಳೆಯುವಾಗ ಏನೇನು ಎಚ್ಚರ ವಹಿಸಬೇಕು? ಕೇಬಲ್ ಅಲುಗಿದರೆ ಅದರದ್ದೇ ನಾಯ್ಸ್ ಬರುವುದಿಲ್ಲವಾ? ಅಲುಗಾಟದ ಮಟ್ಟ ಎಷ್ಟು ಇಡಲಿ?

ಹಳೇ ಡೆಸಿಬೆಲ್ ಅವರ ಉತ್ತರ

ಶಭಾಷ್. ಸಿಸ್ಟಂ ತಂಡದ ಜೊತೆ ಹೋಗಿ ಕೂತಿರಲ್ಲ, ಅದೇ ದೊಡ್ಡ ಕೆಲಸ. ಮುಚ್ಚಳದ ಸುಳಿವೂ ಚೆನ್ನಾಗಿದೆ. ಮುಚ್ಚಳ ಅದುರಿದರೆ ಅದಕ್ಕೂ ಕೆಳಗಿನ ವಿಸಿಒ ಸರ್ಕ್ಯೂಟ್‌ಗೂ ನಡುವಿನ ಕೆಪಾಸಿಟೆನ್ಸ್ ಬದಲಾಗುತ್ತದೆ. ಒತ್ತಿ ಹಿಡಿದಾಗ ಕಡಿಮೆಯಾಯಿತು ಅಂದರೆ ಬಹುಶಃ ಅದೇ. ಮುಚ್ಚಳದ ನಡುವೆ ಒಂದು ಸ್ಕ್ರೂ ಆಧಾರ ಕೊಡಬಹುದಾ ಅಂತ ಡಿಸೈನ್ ಮಾಡಿದವರನ್ನು ಕೇಳಿ. ಆದರೆ 100 ಹರ್ಟ್ಸ್ ಲೈನ್‌ಗೆ ಕಾರಣ ಮುಚ್ಚಳವೋ ಕ್ರಿಸ್ಟಲ್‌ನ ಸ್ವಭಾವವೋ ಅಂತ ಟೇಬಲ್ ಮೇಲೆ ಬೇರ್ಪಡಿಸಿದ ಮೇಲೆಯೇ ಹೇಳಬೇಕು. 100 ಮೆಗಾಹರ್ಟ್ಸ್ ಔಟ್‌ಪುಟ್‌ನ್ನೂ 10 ಗಿಗಾಹರ್ಟ್ಸ್ ಔಟ್‌ಪುಟ್‌ನ್ನೂ ಎರಡೂ ಅಳೆಯಿರಿ. ವ್ಯತ್ಯಾಸ ಸರಿಯಾಗಿ 40 ಡಿಬಿ ಇದ್ದರೆ ಕ್ರಿಸ್ಟಲ್. ಅದಕ್ಕಿಂತ ಜಾಸ್ತಿ ಇದ್ದರೆ ಸಿಂಥಸೈಜರ್ ತನ್ನದನ್ನೂ ಸೇರಿಸುತ್ತಿದೆ.

ಕೇಬಲ್ ಬಗ್ಗೆ ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ಮೊದಲು ಯೂನಿಟ್ ಇಲ್ಲದೆ ಟೆಸ್ಟ್ ಮಾಡಿ. ನೆಲದ ಮೇಲಿನ ಒಳ್ಳೆಯ ಸಿಗ್ನಲ್ ಮೂಲದಿಂದ ಕೇಬಲ್ ತಂದು, ಟೇಬಲ್ ಮೇಲಿನ ಫಿಕ್ಸ್ಚರ್‌ನಲ್ಲಿ ಒಂದು ಸಾದಾ ಜೋಡಣೆಗೆ ಕೊಟ್ಟು, ಅಲ್ಲಿಂದ ವಾಪಸ್ ಅನಲೈಜರ್‌ಗೆ ತನ್ನಿ. ಟೇಬಲ್ ಓಡಿಸಿ. ಈಗ ಕಾಣುವುದು ನಿಮ್ಮ ಕೇಬಲ್‌ನ ನಾಯ್ಸ್. ನಿಮ್ಮ ಮಿತಿಗಿಂತ ಕನಿಷ್ಠ 10 ಡಿಬಿ ಕೆಳಗೆ ಇರಬೇಕು. ಇಲ್ಲ ಅಂದರೆ ಕೇಬಲ್‌ನ್ನು ಟೇಬಲ್‌ನಿಂದ ಹೊರಬರುವ ಜಾಗದಲ್ಲಿ ಕ್ಲ್ಯಾಂಪ್ ಮಾಡಿ, ಆಮೇಲೆ ದೊಡ್ಡ ಸಡಿಲ ಬಳುಕು ಬಿಟ್ಟು ನೆಲದ ಕಡೆ ಮತ್ತೊಂದು ಕ್ಲ್ಯಾಂಪ್ ಹಾಕಿ. ಕನೆಕ್ಟರ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದಲೇ ಬಿಗಿ ಮಾಡಿ. ಕೈಯಲ್ಲಿ ಬಿಗಿ ಮಾಡಿದ ಎಸ್‌ಎಂಎ ಕನೆಕ್ಟರ್ ಟೇಬಲ್ ಮೇಲೆ ಸಡಿಲವಾಗುತ್ತದೆ.

ಆಮೇಲೆ ಶೇಕರ್‌ನ ಕಾಂತಕ್ಷೇತ್ರ. ದೊಡ್ಡ ವಿದ್ಯುತ್ ಶೇಕರ್‌ಗಳ ಸುತ್ತ ಅದು ಸೋರುತ್ತಿರುತ್ತದೆ, ಡ್ರೈವ್ ಮಾಡುವ ಫ್ರೀಕ್ವೆನ್ಸಿಯಲ್ಲೇ ಬದಲಾಗುತ್ತಿರುತ್ತದೆ. ಯೂನಿಟ್‌ನ್ನು ಟೇಬಲ್‌ಗೆ ತಾಗದಂತೆ ಅದರ ಮೇಲೆ ತೂಗುಹಾಕಿ, ಶೇಕರ್ ಓಡಿಸಿ ನೋಡಿ. ಅಲುಗದೆಯೂ ಲೈನ್ ಎದ್ದರೆ ಅದು ಕಾಂತಕ್ಷೇತ್ರದ್ದು.

ಮಟ್ಟದ ಬಗ್ಗೆ ಹೇಳುವುದಾದರೆ, ದೊಡ್ಡ ರ‍್ಯಾಂಡಮ್ ಪ್ರೊಫೈಲ್‌ನಿಂದ ಶುರು ಮಾಡಬೇಡಿ. ಬಹಳ ಕಡೆ ತಯಾರಿಕೆಯ ದೋಷ ಹೊರಹಾಕಲು 20ರಿಂದ 2000 ಹರ್ಟ್ಸ್ ತನಕ ಒಟ್ಟು 6 ಜಿ ಆರ್‌ಎಂಎಸ್ ಪ್ರೊಫೈಲ್ ಬಳಸುತ್ತಾರೆ. 1979ರಲ್ಲಿ ಅಮೆರಿಕದ ನೌಕಾಪಡೆಯ ಮಾರ್ಗಸೂಚಿಯಿಂದ ಬಂದದ್ದು. ಸಡಿಲ ಸೋಲ್ಡರ್, ಬಿಟ್ಟ ವೈರ್ ಹಿಡಿಯುವುದಕ್ಕೆ ಅದು ಸರಿ. ನಿಮಗೆ ಬೇಕಿರುವುದು ಬೇರೆ. ಮೊದಲು ಸಣ್ಣ ಸೈನ್ ಸ್ವೀಪ್, 0.5 ಜಿ ಸಾಕು, ನಿಧಾನವಾಗಿ ಓಡಿಸಿ. ಸೈಡ್‌ಬ್ಯಾಂಡ್ ಫ್ರೀಕ್ವೆನ್ಸಿಗೆ ತಕ್ಕಂತೆ ನಯವಾಗಿ ಇಳಿಯುತ್ತಾ ಹೋದರೆ ಕ್ರಿಸ್ಟಲ್‌ನ ಸಹಜ ಸ್ವಭಾವ. ಎಲ್ಲಾದರೂ ಗುಡ್ಡೆಯ ಹಾಗೆ ಎದ್ದರೆ ಅಲ್ಲಿ ಯಾಂತ್ರಿಕ ಅನುರಣನೆ ಇದೆ, ಮುಚ್ಚಳವೋ ಬೋರ್ಡೋ ಕೇಬಲ್ಲೋ. ಮೂರು ದಿಕ್ಕಿನಲ್ಲೂ ಮಾಡಬೇಕು. ಕ್ರಿಸ್ಟಲ್‌ನ ಸ್ಪಂದನೆ ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರುತ್ತದೆ. ಕೆಲವೊಮ್ಮೆ ಆಸಿಲೇಟರ್‌ನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೇ ಅರ್ಧ ತೊಂದರೆ ಹೋಗುತ್ತದೆ.

ಸ್ವೀಪ್ ಆದ ಮೇಲೆ ರ‍್ಯಾಕ್‌ನ ನಿಜವಾದ ಅಲುಗಾಟ ಕೊಡಿ. ಅದಕ್ಕೆ ಮೊದಲು ರಡಾರ್‌ನಲ್ಲಿ ಯೂನಿಟ್ ಕೂರುವ ಜಾಗಕ್ಕೇ ಒಂದು ಆಕ್ಸಿಲರೋಮೀಟರ್ ಅಂಟಿಸಿ ಅಳೆದುಕೊಂಡು ಬನ್ನಿ. ಊಹೆಯ ಮಟ್ಟ ಬೇಡ.

ಆಸಿಲೇಟರ್ ಕೆಳಗೆ ರಬ್ಬರ್ ಅಥವಾ ವೈರ್ ಐಸೊಲೇಟರ್ ಹಾಕಿಸುತ್ತೇವೆ ಅಂತ ಯಾರಾದರೂ ಅಂದರೆ ಅದರ ಸಹಜ ಫ್ರೀಕ್ವೆನ್ಸಿ ಕೇಳಿ. 30 ಹರ್ಟ್ಸ್‌ನದ್ದಾದರೆ 100 ಹರ್ಟ್ಸ್ ಅಲುಗಾಟ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನಿಮಗೆ 20 ಡಿಬಿ ಸಿಗುತ್ತದೆ. ಆದರೆ 30ರ ಹತ್ತಿರ ಅದು ಅಲುಗಾಟವನ್ನು ಹೆಚ್ಚಿಸುತ್ತದೆ. ಹಾಕುವ ಮೊದಲು ಆ ಫ್ರೀಕ್ವೆನ್ಸಿಯಲ್ಲಿ ಆಂಟೆನಾ ಮೋಟಾರ್, ಜನರೇಟರ್ ಏನಾದರೂ ಇದೆಯಾ ನೋಡಿ.

ಚೀಟಿ ವಿಷಯ ಒಂದು ಮಾತು. ಇನ್ನು ಮುಂದೆ ‘ದೋಷ ಕಂಡುಬಂದಿಲ್ಲ’ ಅಂತಷ್ಟೇ ಬರೆಯಬೇಡಿ. ಯಾವ ಸಪ್ಲೈ, ಯಾವ ತಾಪ, ಅಲುಗಾಟ ಇತ್ತಾ ಇಲ್ಲವಾ, ಯಾವ ಲೋಡ್, ಎಲ್ಲ ಅದರಲ್ಲೇ ಬರೆಯಿರಿ. ಸಿಸ್ಟಂ ತಂಡಕ್ಕೂ ಹೇಳಿ, ಯೂನಿಟ್ ಬಿಚ್ಚಿ ಕಳಿಸುವಾಗ ಆ ಕ್ಷಣದ ರೆಕಾರ್ಡ್ ಮಾಡಿದ ಡೇಟಾ ಜೊತೆಗೇ ಕಳಿಸಲಿ. ಬರೀ ಯೂನಿಟ್ ಬಂದರೆ ನೀವು ಏನು ಹುಡುಕಬೇಕು ಅಂತ ಹೇಗೆ ಗೊತ್ತಾಗಬೇಕು?

400ಕ್ಕೆ ಮಡಚಿ ಕಂಡ ಆ 2400 ಹರ್ಟ್ಸ್ ಲೈನ್‌ನ್ನು ಸಪ್ಲೈ ಲೈನ್ ಅವರಿಗೆ ಬಿಡುತ್ತೇನೆ. ಯೂನಿಟ್‌ನ ಸಪ್ಲೈ ಪಿನ್‌ನಲ್ಲೇ, ಪ್ರೋಬ್‌ನ ಗ್ರೌಂಡ್ ಲೀಡ್ ಆದಷ್ಟು ಚಿಕ್ಕದಿಟ್ಟು, ಆ ರಿಪಲ್ ಎಷ್ಟು ಮಿಲಿವೋಲ್ಟ್ ಅಂತ ಅಳೆದು ಇಲ್ಲಿ ಹಾಕಿ. ಟ್ರಾನ್ಸ್‌ಮಿಟರ್ ಆಫ್ ಇದ್ದಾಗಿನದು ಒಂದು, ಓಡುತ್ತಿರುವಾಗಿನದು ಒಂದು.